ಒಂದೇ ಕುದುರೆಯ ನಾಲ್ಕು ನೆಗೆತ

ಚದುರಂಗ ಕಲಿಸುವವರು ಮೊದಲ ವಾರದಲ್ಲೇ ಎರಡು ಬುದ್ಧಿಮಾತು ಹೇಳುತ್ತಾರೆ: ಆರಂಭದಲ್ಲಿ ಒಂದೇ ಕಾಯಿಯನ್ನು ಮತ್ತೆ ಮತ್ತೆ ನಡೆಸಬೇಡ, ಸುಮ್ಮನೆ ಕಾಲಾಳು ಕಳೆದುಕೊಳ್ಳಬೇಡ. ಬುಡಾಪೆಸ್ಟ್ ಗ್ಯಾಂಬಿಟ್ ಮೂರೇ ನಡೆಗಳಲ್ಲಿ ಎರಡನ್ನೂ ಗಾಳಿಗೆ ತೂರುತ್ತದೆ. ಬಿಳಿ ಡಿ4, ಕಪ್ಪು ಕುದುರೆ ಎಫ್6ಕ್ಕೆ. ಬಿಳಿ ಸಿ4, ಕಪ್ಪು ಕಾಲಾಳು ಇ5ಕ್ಕೆ, ತಗೋ ತಿನ್ನು ಎನ್ನುವ ಹಾಗೆ. ಬಿಳಿ ತಿನ್ನುತ್ತದೆ. ಈಗಷ್ಟೇ ಲಾಯ ಬಿಟ್ಟ ಕುದುರೆ ಮತ್ತೆ ಜಿ4ಕ್ಕೆ ಹಾರುತ್ತದೆ.

1896ರಲ್ಲೇ ಬುಡಾಪೆಸ್ಟಿನಲ್ಲಿ ಗೇಜಾ ಮರೋಟ್ಸಿ ಇದನ್ನು ಆಡಿದ್ದರು. ಹದಕ್ಕೆ ತಂದವರು ಅದೇ ಊರಿನ ಅಬೊನ್ಯಿ, ಬ್ರೆಯರ್ ಮತ್ತು ಬರಾಸ್.

ನಾನು ಮತ್ತೆ ಮತ್ತೆ ಹೂಡಿ ನೋಡುವುದು ಕೀನಿಂಗರ್ ಬಲೆಯನ್ನು. 1925ರಲ್ಲಿ ವಿಯೆನ್ನಾದಲ್ಲಿ ಗೆಯೋರ್ಗ್ ಕೀನಿಂಗರ್ ಒಂದು ಲಘು ಆಟದಲ್ಲಿ ಹೆಣೆದದ್ದು. ಬಿಳಿ ಒಂಟೆ ಎಫ್4ಕ್ಕೆ ಬಂದು ಇ5ರ ಕಾಲಾಳನ್ನು ಕಾಯುತ್ತದೆ. ಕಪ್ಪಿನ ಇನ್ನೊಂದು ಕುದುರೆ ಸಿ6ಕ್ಕೆ, ಬಿಳಿ ಕುದುರೆ ಎಫ್3ಕ್ಕೆ. ಕಪ್ಪು ಒಂಟೆ ಬಿ4ರಿಂದ ಚೆಕ್ ಕೊಟ್ಟರೆ, ಬಿಳಿಯ ಎರಡನೆಯ ಕುದುರೆ ಡಿ2ರಲ್ಲಿ ಅಡ್ಡ ನಿಲ್ಲುತ್ತದೆ. ಕಪ್ಪು ಮಂತ್ರಿ ಇ7ಕ್ಕೆ ಬಂದು ತೆಪ್ಪಗೆ ಕೂರುತ್ತಾನೆ. (ರಾಣಿ ಎನ್ನುವವರು ರಾಣಿ ಎನ್ನಲಿ, ನನ್ನ ಬಾಯಿಗೆ ಮಂತ್ರಿಯೇ ರೂಢಿ.) ಬಿಳಿ ಎ3 ನೂಕಿ ಒಂಟೆಯನ್ನು ಗದರಿಸುತ್ತದೆ. ಒಂಟೆ ಅಲುಗುವುದಿಲ್ಲ, ಜಿ4ರ ಕುದುರೆ ಇ5ರಲ್ಲಿ ತನ್ನ ಕಾಲಾಳಿನ ಸಾಲ ವಸೂಲು ಮಾಡುತ್ತದೆ. ಬಿಟ್ಟಿ ಒಂಟೆ ಎಂದು ಬಿಳಿ ಬಿ4ರಲ್ಲಿ ಕಡಿದರೆ, ಕುದುರೆ ಡಿ3ಕ್ಕೆ. ಚೆಕ್‌ಮೇಟ್.

ಇಲ್ಲಿ ಆತುರ ಬೇಡ, ಮಣೆಯನ್ನು ನೋಡಿ. ಬಿಳಿ ರಾಜ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಅವನ ಸುತ್ತ ಮಂತ್ರಿ, ಒಂಟೆ, ಕುದುರೆ, ಕಾಲಾಳು. ಎಲ್ಲರೂ ತನ್ನವರೇ, ಅದಕ್ಕೇ ಅಲುಗಲು ಜಾಗವಿಲ್ಲ. ಡಿ3ರ ಕುದುರೆಯನ್ನು ಹೊಡೆಯಬಲ್ಲ ಸಿ ಸಾಲಿನ ಕಾಲಾಳು ಎರಡನೆಯ ನಡೆಯಲ್ಲೇ ಮುಂದೆ ಹೋಗಿಬಿಟ್ಟಿದೆ. ಉಳಿದದ್ದು ಇ2ರ ಕಾಲಾಳು. ಅದು ಕದಲಿದರೆ ಇ7ರಲ್ಲಿ ಕೂತ ಮಂತ್ರಿಯ ಕಣ್ಣು ನೇರ ರಾಜನ ಮೇಲೆ. ಕಪ್ಪು ಆಡಿದ್ದು ಒಟ್ಟು ಎಂಟು ನಡೆ, ಅದರಲ್ಲಿ ನಾಲ್ಕು ಒಂದೇ ಕುದುರೆಯವು: ಎಫ್6, ಜಿ4, ಇ5, ಡಿ3. ಮೇಷ್ಟರ ನಿಯಮ ಮುರಿಯುವುದಾದರೆ ಹೀಗೆ ಮುರಿಯಬೇಕು.

ಬಲೆ ಬರೀ ಬಲೆಯಾಗಿದ್ದರೆ ಬೇಗ ಬೇಸರವಾಗುತ್ತಿತ್ತು. 1918ರಲ್ಲಿ ಬರ್ಲಿನ್‌ನಲ್ಲಿ, ವೃತ್ತಿಯಿಂದ ವಿದ್ಯುತ್ ಎಂಜಿನಿಯರ್ ಆಗಿದ್ದ ಮಿಲಾನ್ ವಿದ್ಮಾರ್, ಅಬೊನ್ಯಿಯವರ ಸಲಹೆಯಂತೆ ಇದೇ ಆರಂಭವನ್ನು ಅಕಿಬಾ ರೂಬಿನ್‌ಸ್ಟೈನ್ ಎದುರು ಆಡಿದರು. ರೂಬಿನ್‌ಸ್ಟೈನ್ ಈ ಬಲೆಗೆ ಬೀಳಲಿಲ್ಲ. ಅವರ ಕುದುರೆ ಡಿ2ಕ್ಕಲ್ಲ, ಸಿ3ಕ್ಕೆ ಹೋಯಿತು. ಅಲ್ಲಿ ರಾಜ ಮನೆಯಲ್ಲಿ ಉಸಿರುಗಟ್ಟಲಿಲ್ಲ, ಬೀದಿಗೆ ಬಿದ್ದ. ವಿದ್ಮಾರ್ ಎರಡು ಆನೆಗಳನ್ನೂ ಒಂಟೆಗಳಿಗೆ ಬಿಟ್ಟುಕೊಟ್ಟು ಅವನನ್ನು ಇ2, ಎಫ್3, ಜಿ3, ಎಚ್4, ಎಚ್5 ಎಂದು ಎಳೆದರು. 24ನೆಯ ನಡೆಗೆ ಆಟ ಮುಗಿಯಿತು. ನನಗೆ ಕೇಳಿದರೆ, ಬಲೆಗಿಂತ ಈ ಬೇಟೆ ದೊಡ್ಡದು. ಆದರೂ ಸಂಜೆ ಮಣೆ ಬಿಚ್ಚಿದಾಗ ಕೈ ಹೋಗುವುದು ಬಲೆಯ ಕಡೆಗೇ.

ನೀವು ಬಿಳಿಯ ಕಡೆ ಕೂತಿದ್ದರೆ ಒಂದು ಮಾತು: ಬಿ4ರ ಒಂಟೆಗೆ ಕೈ ಹಾಕುವ ಮೊದಲು ಇ2ರ ಕಾಲಾಳನ್ನು ಒಂದು ಮನೆ ಮುಂದಿಡಿ.