‘ಎದೆಯ ಹಣತೆ’ಯ ಬೆಳಕು ಯಾರ ಮನೆಗೆ?

ಹಾಸನದ ಬಾನು ಮುಷ್ತಾಕ್ ಅವರ 12 ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾಯಿತು. ಕನ್ನಡ ಕೃತಿಯೊಂದಕ್ಕೆ ಈ ಗೌರವ ಸಂದುದು ಅದೇ ಮೊದಲು. ಬಹುಮಾನದ 50,000 ಪೌಂಡುಗಳಲ್ಲಿ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲು. ದುಡಿಮೆಯ ಲೆಕ್ಕ ಬಲ್ಲವರು ಮೆಚ್ಚತಕ್ಕ ಏರ್ಪಾಡಿದು.

ಪ್ರಶಸ್ತಿಯ ಸುದ್ದಿ ಓದಿದವರೆಲ್ಲ ಕಥೆಗಳನ್ನು ಓದಿದ್ದಾರೆಯೇ? ‘ಎದೆಯ ಹಣತೆ’ಯ ಮೆಹರುನ್, ಗಂಡ ಕೈಬಿಟ್ಟ ನೋವಿನಲ್ಲಿ ತೌರಿಗೆ ಬರುತ್ತಾಳೆ. ಮನೆತನದ ಮರ್ಯಾದೆಯನ್ನು ಮುಂದೊಡ್ಡಿ ಒಡಹುಟ್ಟಿದವರೇ ಅವಳನ್ನು ಮರಳಿ ಅಲ್ಲಿಗೇ ಸೇರಿಸುತ್ತಾರೆ. ಆಕೆ ಬೆಂಕಿಗೆ ಮೈಯೊಡ್ಡಹೊರಟಾಗ ತಡೆಯುವವಳು ಹಿರಿಯ ಮಗಳು. ಇದು ಮುಸ್ಲಿಂ ಸಮಾಜದ ಕಥೆ ಎಂದಷ್ಟೇ ತಿಳಿದು ಪುಸ್ತಕ ಮುಚ್ಚುವವರು ಕಥೆಯಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ‘ಹೊಂದಿಕೊಂಡು ಹೋಗಮ್ಮ’ ಎಂದು ಮಗಳನ್ನು ಬಸ್ಸು ಹತ್ತಿಸಿದ ಹಿರಿಯರು ಬಸದಿಯ ಪಂಕ್ತಿಯಲ್ಲಿಯೂ ಉಂಟು.

ಕೊರತೆ ಇಲ್ಲವೆಂದಲ್ಲ. ಬಂಡಾಯ ಚಳವಳಿಯಲ್ಲಿ ಬೆಳೆದ, ವಕೀಲಿ ವೃತ್ತಿಯ ಲೇಖಕಿ ಅಲ್ಲಲ್ಲಿ ಪಾತ್ರವನ್ನು ಬದಿಗಿರಿಸಿ ತಾವೇ ವಾದಕ್ಕೆ ನಿಲ್ಲುತ್ತಾರೆ. ‘ಒಮ್ಮೆ ಹೆಣ್ಣಾಗು ಪ್ರಭುವೇ’ಯಲ್ಲಿ ಮಾತ್ರ ವಾದವೇ ಮೊರೆಯಾಗಿ, ಭಗವಂತನನ್ನೇ ಕಟಕಟೆಗೆ ಕರೆಯುತ್ತದೆ; ಅಲ್ಲಿ ಆ ಏರುದನಿ ಸಲ್ಲುತ್ತದೆ. ಗಿರೀಶ ಕಾಸರವಳ್ಳಿಯವರ 2004ರ ‘ಹಸೀನಾ’ ಚಿತ್ರಕ್ಕೆ ಆಧಾರವಾದ ‘ಕರಿ ನಾಗರಗಳು’ ಕಥೆಯನ್ನು ಚಿತ್ರ ನೋಡಿದವರೂ ಓದತಕ್ಕದ್ದು.

ಕನ್ನಡ ಬಲ್ಲವರಿಗೆ ಇಂಗ್ಲಿಷಿನ ದಾರಿ ಬೇಕಿಲ್ಲ. ಟ್ರಸ್ಟುಗಳ ವಾಚನಾಲಯಗಳು ಮೂಲ ಕಥೆಗಳನ್ನೇ ತರಿಸಲಿ. ಹೆಣ್ಣುಮಕ್ಕಳು ಹೇಗೂ ಓದುತ್ತಾರೆ. ತೌರಿನ ಯಜಮಾನರೂ ಅಣ್ಣತಮ್ಮಂದಿರೂ ಮೊದಲು ಓದಲಿ.