ಹೊಗೆಗೊಳವೆಯ ಸಾಕ್ಷ್ಯ

ಮುಂಬಯಿಯ ಲೋವರ್ ಪರೇಲಿನಲ್ಲಿ ಫೀನಿಕ್ಸ್ ಬಟ್ಟೆ ಗಿರಣಿಯಿದ್ದ ನೆಲದ ಮೇಲೆ ಇಂದು ವಿಶಾಲವಾದ ಮಾಲ್ ಮತ್ತು ಗಗನಚುಂಬಿ ಹೋಟೆಲು ನಿಂತಿವೆ. ನಡುವೆ ಗಿರಣಿಯ ಹಳೆಯ ಹೊಗೆಗೊಳವೆಯನ್ನು ಉಳಿಸಿಕೊಳ್ಳಲಾಗಿದೆ. ಇದನ್ನು ಇತಿಹಾಸಪ್ರಜ್ಞೆಯೆಂದು ಕೊಂಡಾಡುವವರುಂಟು. ಪ್ರಕೃತ ಲೇಖಕನು ಅದನ್ನು ಒಪ್ಪಲಾರನು. ಹೊಗೆಗೊಳವೆಯು ಯಂತ್ರದ ಗುರುತು; ದುಡಿದವರ ಪ್ರಶ್ನೆಯಾದರೋ ನೆಲಕ್ಕೆ ಸಂಬಂಧಿಸಿದುದು. 1982ರ ಮುಷ್ಕರದಲ್ಲಿ ನಗರದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಬಹುಮಂದಿ ಮತ್ತೆ ಒಳಹೋಗಲೇ ಇಲ್ಲ. 1991ರ ನಿಯಮವು ಹೊಸ ಕಟ್ಟಡಗಳಿಗೆ ತೆರವಾಗುವ ಗಿರಣಿಭೂಮಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಸಾರ್ವಜನಿಕ ಬಯಲಿಗೂ, ಹೆಚ್ಚುಕಡಿಮೆ ಅಷ್ಟನ್ನೇ ಸಾರ್ವಜನಿಕ ವಸತಿಗೂ ಮೀಸಲಿರಿಸಿತ್ತು. 2001ರ ತಿದ್ದುಪಡಿಯು ಈ ಲೆಕ್ಕವನ್ನು ಕಟ್ಟಡವಿಲ್ಲದ ನೆಲಕ್ಕಷ್ಟೇ ಸೀಮಿತಗೊಳಿಸಿತು; 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗಿರಣಿಗಳ ಆವರಣವಾದರೋ ಬಹುಮಟ್ಟಿಗೆ ಷೆಡ್ಡುಗಳಿಂದ ತುಂಬಿತ್ತು. ಹಂಚಿಕೆಗೆ ಉಳಿದುದು ಎಷ್ಟೆಂಬುದನ್ನು ವಿದ್ಯಾರ್ಥಿಗಳೇ ಊಹಿಸಬಹುದು.