ಮೊದಲ ಪುಟ ಕನ್ನಡದಲ್ಲಿರಲಿ

ಬೇಸಿಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಈ ದಿನಗಳಲ್ಲಿ, ಸರಕಾರದ ಯೋಜನೆಯಿಂದಲೋ ದಾನಿಗಳ ಔದಾರ್ಯದಿಂದಲೋ ಹಳೆಯ ವಿದ್ಯಾರ್ಥಿಗಳ ಅಭಿಮಾನದಿಂದಲೋ, ಹೊಸ ಲ್ಯಾಪ್‌ಟಾಪುಗಳು ನಮ್ಮ ಊರುಗಳ ಪ್ರೌಢಶಾಲೆಗಳನ್ನು ಸೇರುತ್ತಿವೆ. ಅವು ಬಂದ ದಿನ ಅರಿಸಿನ ಕುಂಕುಮದ ಪೂಜೆಯಾಗುತ್ತದೆ, ಛಾಯಾಚಿತ್ರವಾಗುತ್ತದೆ. ಮರುದಿನದಿಂದ ಅವುಗಳ ಮುಂದೆ ಕುಳಿತ ಮಕ್ಕಳಿಗೆ ಮೊದಲು ಏನನ್ನು ಕಲಿಸತಕ್ಕದ್ದೆಂಬ ಪ್ರಶ್ನೆ ಮಾತ್ರ ಉಪಾಧ್ಯಾಯರ ಪಾಲಿಗೆ ಉಳಿಯುತ್ತದೆ. ಕೀಲಿಮಣೆಯ ಮೇಲೆ ಕನ್ನಡ ಬರೆಯುವ ಕಲೆಯನ್ನು ಪ್ರೀತಿಸಿ, ಅದನ್ನು ಮಕ್ಕಳಿಗೆ ಹೇಳಿಕೊಡುವುದರಲ್ಲಿ ಸುಖ ಕಂಡವನಾದ ನಾನು ಈ ವಾರ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇನೆ.

ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದಾದ ಗಣಕದ ಕಲ್ಪನೆ ಮೊದಮೊದಲು ಸ್ಪಷ್ಟವಾದ ರೂಪವನ್ನು ತಳೆದುದು ಮಕ್ಕಳ ನಿಮಿತ್ತವಾಗಿಯೇ ಎಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಕ್ಯಾಲಿಫೋರ್ನಿಯದಲ್ಲಿ ಜೆರಾಕ್ಸ್ ಸಂಸ್ಥೆ ನಡೆಸುತ್ತಿದ್ದ ಸಂಶೋಧನಾ ಕೇಂದ್ರದಲ್ಲಿದ್ದ ಆಲನ್ ಕೇ ಎಂಬ ವಿಜ್ಞಾನಿ 1972ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ನೋಟ್‌ಬುಕ್ಕಿನ ಗಾತ್ರದ ‘ಡೈನಾಬುಕ್’ ಎಂಬ ಯಂತ್ರವನ್ನು ಕಲ್ಪಿಸಿಕೊಂಡು, ಅದನ್ನು ಹುಲ್ಲಿನ ಮೇಲೆ ಮಲಗಿದ್ದ ಇಬ್ಬರು ಒಂಬತ್ತು ವರ್ಷದ ಮಕ್ಕಳ ಕೈಯಲ್ಲಿ ಇರಿಸಿದರು. ಆ ಮಕ್ಕಳು ಅದರಲ್ಲಿ ಆಕಾಶನೌಕೆಗಳ ಆಟವಾಡುವರು. ಆಡುತ್ತ ಆಡುತ್ತ, ಸೂರ್ಯನ ಗುರುತ್ವಾಕರ್ಷಣೆ ಆ ನೌಕೆಗಳನ್ನು ಸೆಳೆಯಬೇಕಲ್ಲವೆ ಎಂದು ಆಲೋಚಿಸಿ, ಆಟದ ನಿಯಮವನ್ನೇ ತಿದ್ದಲು ತೊಡಗುವರು. ಯಂತ್ರವು ತೋರಿಸಿದ್ದನ್ನು ನೋಡುತ್ತ ಕೂರದೆ ತಾನೇ ಏನನ್ನಾದರೂ ನಿರ್ಮಿಸುವ ಮಗುವೇ ಆ ಪ್ರಬಂಧದ ಆದರ್ಶವಾಗಿತ್ತು. ಇಂದಿನ ಮೊದಲ ಪಾಠವೂ ಆ ಆದರ್ಶಕ್ಕೆ ಸಲ್ಲುವಂತಿರಬೇಕಾದರೆ, ಮಗು ಆ ಯಂತ್ರದಲ್ಲಿ ಮಾಡುವ ಮೊದಲ ಕೆಲಸ ತನ್ನ ನುಡಿಯಲ್ಲಿ ತನ್ನದೇ ಒಂದು ಪುಟವನ್ನು ಬರೆಯುವುದಾಗಿರಬೇಕೆಂದು ನನ್ನ ದೃಢವಾದ ನಂಬಿಕೆ.

ಬರವಣಿಗೆ ಕೈಯಿಂದ ಆರಂಭವಾಗುತ್ತದೆ. ಪರದೆಯನ್ನು ಒಂದು ಮೂಲೆಯಿಂದ ಎಳೆಯದೆ ನಡುವಿನಲ್ಲಿ ಹಿಡಿದು ಮೆಲ್ಲನೆ ತೆರೆಯುವುದನ್ನು ತೋರಿಸಿದ ಮೇಲೆ, ಕಣ್ಣು ಮುಚ್ಚಿ ಕೀಲಿಗಳನ್ನು ಸವರಿ ನೋಡುವಂತೆ ಮಕ್ಕಳಿಗೆ ಹೇಳಿರಿ. ಇಂಗ್ಲಿಷಿನ ಎಫ್ ಮತ್ತು ಜೆ ಎಂಬ ಎರಡು ಕೀಲಿಗಳ ಮೇಲೆ ಮಾತ್ರ ಸಣ್ಣದೊಂದು ಉಬ್ಬುಗೆರೆ ಬೆರಳಿಗೆ ತಾಕುತ್ತದೆ. ಎರಡು ತೋರುಬೆರಳುಗಳ ನೆಲೆ ಅದು. ಅಲ್ಲಿಂದ ಹೊರಟು ಅಲ್ಲಿಗೇ ಮರಳುವ ಬೆರಳುಗಳಿಗೆ ಕಾಲಕ್ರಮದಲ್ಲಿ ಕಣ್ಣಿನ ಸಹಾಯವೇ ಬೇಕಾಗುವುದಿಲ್ಲ.

ಇನ್ನು ಕನ್ನಡ ಲಿಪಿಯ ವಿಷಯ. ಮೂಲಾಕ್ಷರಗಳಿಗೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಬೃಹತ್ತಾಗಿ ಬೆಳೆಯುವ ನಮ್ಮ ಲಿಪಿಯನ್ನು ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ನೆಲೆಗೊಳಿಸಿದ ಕೀರ್ತಿ ನಾಡೋಜ ಕೆ. ಪಿ. ರಾವ್ ಅವರದು. ಅವರ ವಿನ್ಯಾಸವೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಾಡಿನ ಕಚೇರಿ ಶಾಲೆಗಳಲ್ಲೆಲ್ಲ ಹರಡಿತು. ಅದರ ಸೊಗಸು ವರ್ಣಮಾಲೆಯನ್ನು ಬಲ್ಲ ಮಗುವಿಗೆ ಕ್ಷಣದಲ್ಲಿಯೇ ವೇದ್ಯವಾಗುತ್ತದೆ: ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಶಿಫ್ಟ್ ಒತ್ತಿದರೆ ಅದರ ಮಹಾಪ್ರಾಣ, ಕಕಾರದ ಕೀಲಿಯಲ್ಲಿಯೇ ಖಕಾರ, ಪಕಾರದ ಕೀಲಿಯಲ್ಲಿಯೇ ಫಕಾರ. ವ್ಯಂಜನವನ್ನು ಅರ್ಧಾಕ್ಷರವಾಗಿಸುವ, ಆದುದರಿಂದ ಪದೇ ಪದೇ ಬೇಕಾಗುವ ಕೀಲಿಯಾದರೋ ಎಡಗೈಯ ತೋರುಬೆರಳು ನೆಲೆಸಿರುವ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಸಲ ಒತ್ತಿದರೆ ‘ಕನ್ನಡ’ ಎಂಬ ಪದ ಪರದೆಯ ಮೇಲೆ ಮೂಡುತ್ತದೆ. ಎರಡನೆಯ ನಕಾರ ಮೊದಲನೆಯದರ ಕೆಳಗೆ ತಾನಾಗಿಯೇ ಒತ್ತಾಗಿ ಇಳಿಯುವುದನ್ನು ಕಂಡ ಮಕ್ಕಳ ಮುಖವನ್ನು ನೋಡಬೇಕು.

ಒಮ್ಮೆ ‘ಸೂರ್ಯ’ ಎಂದು ಬರೆಯುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಲೆಯೆತ್ತಿ, “ಸಾರ್, ಪುಸ್ತಕದಲ್ಲಿ ಬರೆಯೋವಾಗ ಅರ್ಕಾವೊತ್ತು ಕೊನೇಲಿ ಬರುತ್ತೆ, ಇಲ್ಲಿ ರಕಾರ ಮೊದಲೇ ಯಾಕೆ ಒತ್ತಬೇಕು?” ಎಂದು ಕೇಳಿದಳು. “ಬಾಯಲ್ಲಿ ಯಾವುದು ಮೊದಲು ಬರುತ್ತೆ, ಹೇಳಿ ನೋಡಮ್ಮ” ಎಂದೆ. ಅವಳು ಎರಡು ಸಲ ಉಚ್ಚರಿಸಿ, ತಾನೇ ಉತ್ತರವನ್ನು ಕಂಡುಕೊಂಡಳು. ಯೂನಿಕೋಡ್ ವ್ಯವಸ್ಥೆಯಲ್ಲಿ ಗಣಕವು ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಕೂಡಿಟ್ಟುಕೊಂಡು, ಬರವಣಿಗೆಯ ಆಕಾರವನ್ನು ಆಮೇಲೆ ಕೊಡುತ್ತದೆ. ವ್ಯಾಕರಣದ ತರಗತಿಯಲ್ಲಿ ನೀರಸವೆನಿಸಿದ ಸಂಯುಕ್ತಾಕ್ಷರ ಪ್ರಕರಣ ಅಂದು ಆ ಹುಡುಗಿಗೆ ಕಣ್ಣೆದುರಿನ ಸತ್ಯವಾಯಿತು.

ಬರೆದುದನ್ನು ಕಾಪಾಡುವುದು ಎರಡನೆಯ ಪಾಠ. ಪರದೆಯ ಮೇಲೆ ಕಾಣುವುದೆಲ್ಲ ಯಂತ್ರದೊಳಗೆ ಶಾಶ್ವತವಾಗಿ ಉಳಿಯುವುದೆಂದು ಮಕ್ಕಳು ಭಾವಿಸುತ್ತಾರೆ. ಕೆಲಸ ನಡೆಯುವ ತಾತ್ಕಾಲಿಕ ಸ್ಮೃತಿ ಸ್ಲೇಟಿನಂತೆ, ಉಳಿತಾಯದ ಡಿಸ್ಕು ನೋಟ್‌ಬುಕ್ಕಿನಂತೆ. ಯಂತ್ರ ಆರಿದೊಡನೆ ಸ್ಲೇಟು ಬರಿದಾಗುತ್ತದೆ. ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಜೊತೆಯಾಗಿ ಒತ್ತಿ ಉಳಿಸುವುದು, ಕಡತಕ್ಕೆ ಅರ್ಥವುಳ್ಳ ಹೆಸರಿಡುವುದು, ಅದನ್ನು ತನ್ನ ಹೆಸರಿನ ಫೋಲ್ಡರಿನಲ್ಲಿ ಇರಿಸುವುದು, ಕೆಲಸ ಮುಗಿದ ಮೇಲೆ ಕ್ರಮವಾಗಿ ಶಟ್‌ಡೌನ್ ಮಾಡುವುದು: ಇಷ್ಟು ಅಭ್ಯಾಸವಾಗಲಿ. ಇದರೊಡನೆ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಈಗತಾನೆ ಮಾಡಿದ್ದು ಹಿಂತಿರುಗುವುದೆಂಬುದನ್ನೂ ಮೊದಲ ದಿನವೇ ತೋರಿಸತಕ್ಕದ್ದು; ಏಕೆಂದರೆ ಬೆಲೆಬಾಳುವ ವಸ್ತುವನ್ನು ಕೆಡಿಸಿಬಿಟ್ಟೇನೆಂಬ ಭಯವೇ ಬಡವರ ಮಕ್ಕಳ ಬೆರಳುಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಟ್ಟಿಹಾಕುತ್ತದೆ.

ಇಲ್ಲಿ ಉಪಾಧ್ಯಾಯರ ಸಂಯಮಕ್ಕೆ ನಿಜವಾದ ಪರೀಕ್ಷೆ. ಮಗು ತಡವರಿಸಿದಾಗ “ಕೊಡಿಲ್ಲಿ” ಎಂದು ಯಂತ್ರವನ್ನು ತಮ್ಮತ್ತ ತಿರುಗಿಸಿಕೊಂಡು ಎರಡು ನಿಮಿಷದಲ್ಲಿ ಕೆಲಸ ಮುಗಿಸಿಕೊಡುವ ಉಪಾಧ್ಯಾಯರು ಸದುದ್ದೇಶದಿಂದಲೇ ಪಾಠವನ್ನು ಕಸಿದುಕೊಳ್ಳುತ್ತಾರೆ. ಮಾತಿನಿಂದ ದಾರಿ ತೋರಿಸಲಿ, ಕೈ ಹಿಂದೆಯೇ ಇರಲಿ. ಒಂದು ಯಂತ್ರಕ್ಕೆ ಮೂವರಿದ್ದರೆ, ಒಬ್ಬರು ಓದಿ ಹೇಳಲಿ, ಒಬ್ಬರು ಒತ್ತಲಿ, ಒಬ್ಬರು ತಪ್ಪು ನೋಡಲಿ. ಸರದಿ ತಪ್ಪದೆ ಬದಲಾಗಲಿ. ಹಾಗಿಲ್ಲದಿದ್ದರೆ ಚುರುಕಾದ ಒಬ್ಬನೇ ವರ್ಷವಿಡೀ ಕೀಲಿಮಣೆಯನ್ನು ಆಳುತ್ತಾನೆ, ಉಳಿದವರು ಪ್ರೇಕ್ಷಕರಾಗುತ್ತಾರೆ.

ಅಂತರ್ಜಾಲ, ಚಿತ್ರ, ಚಲನಚಿತ್ರ ಇವುಗಳಿಗೆಲ್ಲ ಮುಂದೆ ಕಾಲವಿದೆ. ಉಪಾಧ್ಯಾಯ ಬಂಧುಗಳೆ, ಪ್ರತಿಯೊಂದು ಮಗುವೂ ತನ್ನ ಊರಿನ ವಿಷಯವಾಗಿ ಹತ್ತು ಸಾಲುಗಳನ್ನು ಕನ್ನಡದಲ್ಲಿ ಬರೆದು, ಉಳಿಸಿ, ಮುಂದಿನ ವಾರ ಬಂದು ಯಾರ ನೆರವೂ ಇಲ್ಲದೆ ಆ ಪುಟವನ್ನು ಹುಡುಕಿ ತೆಗೆದು ಓದಲಿ. ಅಷ್ಟಾಗುವವರೆಗೆ ಬೇರೊಂದು ಪಾಠವನ್ನು ಆರಂಭಿಸದಿರಿ ಎಂದು ನಿಮ್ಮಲ್ಲಿ ನನ್ನ ವಿನಂತಿ.